ಬೂದಿದಿಬ್ಬದಿಂದ ಪಿರಮಿಡ್ಡಿನವರೆಗೆ: ಪ್ರಾಚೀನ ನಾಗರಿಕತೆಗಳ ಬೋಧನೆ

(ಹಿಂದೂಪುರ ಹಾಗೂ ಕಲ್ಯಾಣದುರ್ಗ ವಲಯಗಳ ಕನ್ನಡ ಮಾಧ್ಯಮ ಶಿಕ್ಷಕರಿಗೆ ನೀಡಿದ ಉಪನ್ಯಾಸದ ಪಠ್ಯ)



ಸಮಾಜ ವಿಜ್ಞಾನದ ತರಗತಿಯಲ್ಲಿ ಪ್ರಾಚೀನ ನಾಗರಿಕತೆಗಳ ಪಾಠ ಬಂದಾಗ ಮಕ್ಕಳ ಕಣ್ಣು ಅರಳುವುದು ಸಹಜ. ಈಜಿಪ್ಟಿನ ಪಿರಮಿಡ್ಡು, ಮೆಸೊಪೊಟೇಮಿಯದ ಮಣ್ಣಿನ ಫಲಕ, ಮೊಹೆಂಜೊದಾರೊದ ಸ್ನಾನಗೃಹ ಇವೆಲ್ಲವೂ ಅವರನ್ನು ಸೆಳೆಯುತ್ತವೆ. ಆದರೆ ಪಾಠ ಮುಗಿದಾಗ ಮಗುವಿನ ಮನಸ್ಸಿನಲ್ಲಿ ಒಂದು ಮೌನವಾದ ತೀರ್ಮಾನವೂ ಉಳಿದುಬಿಡುತ್ತದೆ: ಇತಿಹಾಸ ನಡೆದದ್ದು ಬೇರೆಲ್ಲೋ, ತನ್ನ ಊರಿನಲ್ಲಿ ಏನೂ ನಡೆಯಲಿಲ್ಲ ಎಂದು. ರಾಜ್ಯದ ಗಡಿಯಲ್ಲಿ, ಅಲ್ಪಸಂಖ್ಯಾತ ಭಾಷೆಯ ಶಾಲೆಯಲ್ಲಿ ಓದುವ ಮಗುವಿಗೆ ಈ ಭಾವನೆ ಇಮ್ಮಡಿಯಾಗಿ ತಟ್ಟುತ್ತದೆ. ಅದರ ಭಾಷೆಯ ಕೇಂದ್ರ ಗಡಿಯಾಚೆ ಇದೆ. ಆಡಳಿತದ ಕೇಂದ್ರ ಇನ್ನೊಂದು ಭಾಷೆಯಲ್ಲಿದೆ. ಚರಿತ್ರೆಯೂ ದೂರದೇಶದ್ದಾದರೆ ಆ ಮಗು ನಿಲ್ಲುವ ನೆಲ ಯಾವುದು?

ಇದಕ್ಕೆ ಉತ್ತರ ಕಲ್ಯಾಣದುರ್ಗ ಸೀಮೆಯಲ್ಲಿಯೇ ಇದೆ. ಅಲ್ಲಿನ ಪಾಲವಾಯಿಯಲ್ಲಿ ನವಶಿಲಾಯುಗದ ಬೂದಿದಿಬ್ಬವಿದೆ. ಪುರಾತತ್ವಜ್ಞ ವಿ. ರಾಮಿರೆಡ್ಡಿಯವರು ಅಲ್ಲಿ ಉತ್ಖನನ ನಡೆಸಿದರು. ಅದನ್ನು ಕುರಿತ ಅವರ ಗ್ರಂಥ 1976ರಲ್ಲಿ ಪ್ರಕಟವಾಯಿತು. ಇಂದಿಗೆ ಸುಮಾರು ನಾಲ್ಕು ಸಾವಿರ ವರ್ಷಗಳ ಹಿಂದೆ ಅಲ್ಲಿ ಜನವಸತಿ ಇತ್ತು. ಬ್ಯಾಬಿಲೋನಿನಲ್ಲಿ ಹಮ್ಮುರಬಿ ಆಳಿದ ಕಾಲಕ್ಕೆ ಇದು ಬಲು ಸಮೀಪ. ಶಿಕ್ಷಕರು ಕಪ್ಪುಹಲಗೆಯ ಮೇಲೆ ಕಾಲರೇಖೆ ಬರೆಯುವಾಗ ಖುಫುವಿನ ಪಿರಮಿಡ್ಡು, ಹರಪ್ಪದ ನಗರಗಳು, ಹಮ್ಮುರಬಿಯ ಶಾಸನ ಇವುಗಳ ಸಾಲಿನಲ್ಲಿ ಪಾಲವಾಯಿಯ ಹೆಸರನ್ನೂ ಬರೆದರೆ ಸಾಕು, ಪಾಠದ ಸ್ವರೂಪವೇ ಬದಲಾಗುತ್ತದೆ.

ಬೂದಿದಿಬ್ಬಗಳು ಬಳ್ಳಾರಿ, ರಾಯಚೂರು, ಅನಂತಪುರ, ಕರ್ನೂಲು, ಮಹಬೂಬನಗರ ಸೀಮೆಗಳಲ್ಲಿ ಹರಡಿವೆ. ಇವುಗಳ ಮೂಲವೇನೆಂಬ ಪ್ರಶ್ನೆ ಬಹುಕಾಲ ವಿದ್ವಾಂಸರನ್ನು ಕಾಡಿತು. ಬಳ್ಳಾರಿ ಬಳಿಯ ಕುಡಿತಿನಿಯ ದಿಬ್ಬವನ್ನು ಜನರು ಭೀಮನು ಸುಟ್ಟ ಹಿಡಿಂಬಾಸುರನ ಬೂದಿಯೆಂದು ನಂಬಿದ್ದರು. ಕೆಲವರು ಜ್ವಾಲಾಮುಖಿಯನ್ನು ಊಹಿಸಿದರು. ಮತ್ತೆ ಕೆಲವರು ಲೋಹ ಕರಗಿಸಿದ ಕುಲುಮೆಗಳನ್ನು ಊಹಿಸಿದರು. ಹತ್ತೊಂಬತ್ತನೆಯ ಶತಮಾನದಲ್ಲಿ ರಾಬರ್ಟ್ ಬ್ರೂಸ್ ಫೂಟ್ ಅದು ಸುಟ್ಟ ಸಗಣಿಯ ರಾಶಿಯೆಂದು ವಾದಿಸಿದರು. ಮುಂದೆ ಝೋಯ್ನರ್ ಅವರ ಪ್ರಯೋಗಾಲಯದ ಪರೀಕ್ಷೆ ಅದನ್ನು ಸಮರ್ಥಿಸಿತು. 1957ರಲ್ಲಿ ಉಟ್ನೂರಿನಲ್ಲಿ ಉತ್ಖನನ ನಡೆಸಿದ ಎಫ್. ಆರ್. ಆಲ್ಚಿನ್ ಅವರಿಗೆ ಬೂದಿಯ ಪದರಗಳ ನಡುವೆ ದನಗಳ ಗೊರಸಿನ ಗುರುತುಗಳೂ ಬೇಲಿಯ ಗೂಟ ನೆಟ್ಟ ಕುಳಿಗಳೂ ದೊರೆತವು. ಅದು ದೊಡ್ಡಿ, ಈ ಸೀಮೆಯ ಮಕ್ಕಳ ಮಾತಿನಲ್ಲಿ ಹೇಳುವುದಾದರೆ ರೊಪ್ಪ. ತಲೆಮಾರುಗಳ ಕಾಲ ಸಂಗ್ರಹವಾದ ಸಗಣಿಗೆ ಮತ್ತೆ ಮತ್ತೆ ಬೆಂಕಿಯಿಟ್ಟು ಆದ ರಾಶಿಯೇ ಈ ದಿಬ್ಬ.

ಬೆಂಕಿಯಿಟ್ಟದ್ದು ಏಕೆ? ಆಲ್ಚಿನ್ ಅವರು ಇದನ್ನು ದನಗಾಹಿಗಳ ಋತುಮಾನದ ಆಚರಣೆಯೆಂದು ಭಾವಿಸಿ, ಸಂಕ್ರಾಂತಿಯಂದು ದನಗಳಿಗೆ ಕಿಚ್ಚು ಹಾಯಿಸುವಂಥ ಪದ್ಧತಿಗಳೊಡನೆ ಹೋಲಿಸಿದರು. ಹೋಲಿಕೆ ಚೆಲುವಾದುದು, ಆದರೆ ಹೋಲಿಕೆಯೇ ಪುರಾವೆಯಾಗದು. ಈ ವ್ಯತ್ಯಾಸವನ್ನು ಮಕ್ಕಳಿಗೆ ತಿಳಿಸುವುದು ಇತಿಹಾಸ ಬೋಧನೆಯ ಅರ್ಧ ಕೆಲಸ. ಕಥೆ, ಊಹೆ, ಪರೀಕ್ಷೆ, ಸಾಕ್ಷ್ಯ ಎಂಬ ನಾಲ್ಕು ಮೆಟ್ಟಿಲುಗಳನ್ನು ಕಲಿಸಲು ಬೂದಿದಿಬ್ಬಕ್ಕಿಂತ ಉತ್ತಮ ಉದಾಹರಣೆ ದೊರೆಯುವುದು ಕಷ್ಟ.

ಆಗ ಮಗು ಕೇಳಬೇಕಾದ ಪ್ರಶ್ನೆಯೊಂದು ಏಳುತ್ತದೆ: ಅಲ್ಲಿ ನಗರ ಕಟ್ಟಿದರು, ಇಲ್ಲೇಕೆ ಕಟ್ಟಲಿಲ್ಲ? ಹಿಂದೂಪುರದ ಶಿಕ್ಷಕರು ಈ ಪ್ರಶ್ನೆಯನ್ನು ಪೆನ್ನಾ ನದಿಯ ಪಾತ್ರದಿಂದ ಆರಂಭಿಸಬಹುದು. ನೈಲ್ ನದಿ ವರ್ಷಕ್ಕೊಮ್ಮೆ ಉಕ್ಕಿ ಮೆಕ್ಕಲು ಮಣ್ಣನ್ನು ಹೊಲಕ್ಕೆ ತರುತ್ತಿತ್ತು. ಉಂಡು ಮಿಕ್ಕಷ್ಟು ಧಾನ್ಯ ಬೆಳೆಯಿತು. ಮಿಕ್ಕದ್ದನ್ನು ಕೂಡಿಡಲು ಕಣಜ, ಕಾಯಲು ಅಧಿಕಾರಿ, ಎಣಿಸಲು ಬರಹ ಬೇಕಾದವು. ಮೆಸೊಪೊಟೇಮಿಯದ ಅತಿ ಹಳೆಯ ಬರಹಗಳಲ್ಲಿ ಬಹುಪಾಲು ಧಾನ್ಯ ಮತ್ತು ಪಶುಗಳ ಲೆಕ್ಕವೇ. ಹಿಂದೂಪುರದ ಬೆಲ್ಲದ ಮಂಡಿಯ ಲೆಕ್ಕದ ಚೀಟಿ ಕಂಡ ಮಗುವಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪೆನ್ನೆಯಾದರೋ ವರ್ಷದ ಬಹುಭಾಗ ಮರಳಾಗಿಯೇ ಇರುವ ನದಿ. ಈ ಸೀಮೆ ಮಳೆ ಕಡಿಮೆಯಾದ ಬಯಲು. ಇಲ್ಲಿನ ಜನ ತಮ್ಮ ಸಂಪತ್ತನ್ನು ಕಣಜದಲ್ಲಿ ಕೂಡಿಡುವ ಬದಲು ದನದ ಮಂದೆಯಲ್ಲಿ ಕೂಡಿಟ್ಟರು. ಹುರುಳಿ, ಹೆಸರು, ಕೊರಲೆಗಳನ್ನು ಬೆಳೆದರು. ಬಳ್ಳಾರಿ ಬಳಿಯ ಸಂಗನಕಲ್ಲು ಮೊದಲಾದ ನೆಲೆಗಳಲ್ಲಿ ಈ ಬೆಳೆಗಳ ಕರಿದ ಕಾಳುಗಳು ಸಿಕ್ಕಿವೆ. ಹುರುಳಿ, ಕೊರಲೆಗಳನ್ನು ಪಳಗಿಸಿ ಬೆಳೆಯಾಗಿಸಿದ ಗೌರವ ದಕ್ಷಿಣ ಭಾರತದ ರೈತರಿಗೆ ಸಲ್ಲುತ್ತದೆ. ಮನೆಯಲ್ಲಿ ಹುರುಳಿಕಟ್ಟಿನ ಸಾರು ಉಣ್ಣುವ ಮಗು ಆ ನವಶಿಲಾಯುಗದ ಉತ್ತರಾಧಿಕಾರಿ.

ಇನ್ನೊಂದು ಸಾಕ್ಷ್ಯ ರಾಯದುರ್ಗಕ್ಕೆ ಹೊಂದಿಕೊಂಡ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿದೆ. 1892ರಲ್ಲಿ ಬಿ. ಎಲ್. ರೈಸ್ ಅವರು ಅಲ್ಲಿ ಅಶೋಕನ ಶಾಸನವನ್ನು ಬೆಳಕಿಗೆ ತಂದರು. ಪ್ರಾಕೃತ ಭಾಷೆ, ಬ್ರಾಹ್ಮೀ ಲಿಪಿ. ಆದರೆ ಕೊನೆಯಲ್ಲಿ ಚಪಡನೆಂಬ ಲಿಪಿಕಾರನು 'ಲಿಪಿಕರೇಣ' ಎಂಬ ಪದವನ್ನು ಮಾತ್ರ ಖರೋಷ್ಠಿಯಲ್ಲಿ ಬರೆದಿದ್ದಾನೆ. ಖರೋಷ್ಠಿ ವಾಯವ್ಯ ಗಡಿಯ ಲಿಪಿ. ಪರ್ಷಿಯದ ಸಾಮ್ರಾಜ್ಯದಲ್ಲಿ ಬಳಕೆಯಲ್ಲಿದ್ದ ಅರಮಾಯಿಕ್ ಬರಹದಿಂದ ರೂಪುಗೊಂಡದ್ದು. ಕ್ರಿ.ಪೂ. ಮೂರನೆಯ ಶತಮಾನದಲ್ಲಿಯೇ ಈ ಬೆಟ್ಟದ ಬಂಡೆಯೊಂದು ಪಶ್ಚಿಮ ಏಷ್ಯದ ಬರಹ ಪರಂಪರೆಯನ್ನು ಮುಟ್ಟಿತ್ತು. 1947ರಲ್ಲಿ ಮಾರ್ಟಿಮರ್ ವೀಲರ್ ಅಲ್ಲಿಯೇ ಉತ್ಖನನ ಮಾಡಿ ಕಲ್ಲುಕೊಡಲಿಯ ಜನ, ಬೃಹತ್ ಶಿಲಾಸಮಾಧಿಯ ಜನ, ಸಾತವಾಹನ ಕಾಲದ ಜನ ಎಂಬ ಮೂರು ಸಂಸ್ಕೃತಿಗಳನ್ನು ಗುರುತಿಸಿದರು.

ಇಲ್ಲಿ ಎಚ್ಚರಿಕೆಯ ಮಾತೊಂದು ಅಗತ್ಯ. ಸ್ಥಳೀಯ ಇತಿಹಾಸವನ್ನು ಬೋಧಿಸುವಾಗ 'ನಮ್ಮದೇ ಮೊದಲು, ನಮ್ಮದೇ ಮೇಲು' ಎಂಬ ಸ್ವರ ನುಸುಳಬಾರದು. ಬೂದಿದಿಬ್ಬದ ಜನ ಯಾವ ಭಾಷೆಯನ್ನಾಡುತ್ತಿದ್ದರೆಂಬುದಕ್ಕೆ ಬರಹದ ಸಾಕ್ಷ್ಯವಿಲ್ಲ. ಕನ್ನಡದ ಹಲ್ಮಿಡಿ ಶಾಸನ ಕ್ರಿ.ಶ. ಸುಮಾರು 450ರದು, ತೆಲುಗಿನ ಎರ್ರಗುಡಿಪಾಡು ಶಾಸನ ಆರನೆಯ ಶತಮಾನದ್ದು. ಬೂದಿದಿಬ್ಬ ಇವೆರಡಕ್ಕೂ ಎರಡು ಸಾವಿರ ವರ್ಷಗಳಿಗಿಂತ ಹಿಂದಿನದು. ಆದ್ದರಿಂದ ಅದು ಕನ್ನಡ ಮಾಧ್ಯಮದ ಮಗುವಿಗೂ ಪಕ್ಕದ ಕೊಠಡಿಯ ತೆಲುಗು ಮಾಧ್ಯಮದ ಮಗುವಿಗೂ ಸಮಾನ ಆಸ್ತಿ. ಅದನ್ನು ಕನ್ನಡದಲ್ಲಿ ಅರಿಯುವ ಹಕ್ಕು ಕನ್ನಡ ಮಗುವಿಗಿದೆ; ಆ ಹಕ್ಕನ್ನು ಕಾಯುವವರು ಶಿಕ್ಷಕರು.

ತರಗತಿಯ ಕಾರ್ಯಕ್ರಮ ಸರಳವಾಗಿರಲಿ. ಮೊದಲ ದಿನ ಮನೆಯ ಹಿರಿಯರಿಂದ ರೊಪ್ಪ, ಕಣಜ, ಬೀಸುವ ಕಲ್ಲು ಇವುಗಳ ಬಗ್ಗೆ ಕೇಳಿ ಬರೆದು ತರಲು ಹೇಳಬೇಕು. ಎರಡನೆಯ ದಿನ ಕಾಲರೇಖೆ. ಮೂರನೆಯ ದಿನ ನೈಲ್ ಮತ್ತು ಪೆನ್ನೆಯ ಹೋಲಿಕೆ. ಪಠ್ಯದ 'ನವಶಿಲಾಯುಗ', 'ಉತ್ಖನನ' ಮೊದಲಾದ ಪದಗಳು ಈ ಅನುಭವದ ನಂತರ ಬರಲಿ. ಆಗ ಅವು ಬಾಯಿಪಾಠದ ಹೊರೆಯಾಗವು. ಪ್ರಾಚೀನ ನೆಲೆಗೆ ಮಕ್ಕಳನ್ನು ಕರೆದೊಯ್ದರೆ ಅಲ್ಲಿನ ಮಡಕೆಯ ಚೂರನ್ನಾಗಲಿ ಕಲ್ಲನ್ನಾಗಲಿ ಎತ್ತದಂತೆ ಮೊದಲೇ ತಿಳಿಸಬೇಕು. ಎತ್ತಿದ ಚೂರು ಬರಿಯ ಚೂರು. ಇದ್ದಲ್ಲಿಯೇ ಇದ್ದರೆ ಅದು ಸಾಕ್ಷಿ. ಬೂದಿ ಹೊಲಕ್ಕೆ ಗೊಬ್ಬರವಾಗಿ ಹೋಗಿ, ರಸ್ತೆಗೆ ಅಗೆಯಲ್ಪಟ್ಟು ಹಲವು ದಿಬ್ಬಗಳು ನಶಿಸಿವೆ. ಉಳಿದವನ್ನು ಕಾಯಬಲ್ಲವರು ಅವುಗಳ ಬೆಲೆ ಬಲ್ಲ ಊರಿನ ಮಕ್ಕಳೇ.

ಪಿರಮಿಡ್ಡಿನ ಪಾಠವನ್ನು ಕಡಿಮೆ ಮಾಡಬೇಕೆಂಬುದು ಈ ಮಾತುಗಳ ಉದ್ದೇಶವಲ್ಲ. ತನ್ನ ಊರಿನ ದಿಬ್ಬವನ್ನು ಓದಲು ಕಲಿತ ಮಗು ಪಿರಮಿಡ್ಡನ್ನೂ ಚೆನ್ನಾಗಿ ಓದಬಲ್ಲದು.