ರಜೆ ಯಾರಿಗೆ?



ಮೇ 1 ನಮ್ಮೆಲ್ಲರಿಗೂ ಗೊತ್ತು. ಅದರ ಮೂಲವಾದ 1886ರ ಎಂಟು ಗಂಟೆ ದುಡಿಮೆಯ ಹೋರಾಟ ನಡೆದದ್ದು ಅಮೆರಿಕದಲ್ಲಿ. ಆದರೆ ಆ ದೇಶದ ಸರಕಾರಿ ಕಾರ್ಮಿಕ ದಿನ ಸೆಪ್ಟೆಂಬರಿನ ಮೊದಲ ಸೋಮವಾರ.

1882ರ ಸೆಪ್ಟೆಂಬರ್ 5ರಂದು ನ್ಯೂಯಾರ್ಕಿನ ಕಾರ್ಮಿಕ ಸಂಘಗಳು ಮೆರವಣಿಗೆ ಹೊರಟವು. ಯಾರೂ ರಜೆ ಕೊಟ್ಟಿರಲಿಲ್ಲ. ಸುಮಾರು 10,000 ಮಂದಿ ದಿನದ ಕೂಲಿ ಕಳೆದುಕೊಂಡು ನಡೆದರು. ಆಮೇಲೆ ಹೆಂಡಿರು ಮಕ್ಕಳೊಡನೆ ಉದ್ಯಾನದಲ್ಲಿ ವನಭೋಜನ, ಭಾಷಣ. ಈ ಹಬ್ಬದೂಟ ಮೊದಲಾದದ್ದು ಹೀಗೆ.

1894ರ ಜೂನ್ 28ರಂದು ಅಧ್ಯಕ್ಷ ಕ್ಲೀವ್‌ಲೆಂಡ್ ರಜೆಯ ಕಾನೂನಿಗೆ ಸಹಿ ಹಾಕಿದರು. ಕೂಲಿ ಕಡಿತದ ವಿರುದ್ಧ ಎದ್ದ ಪುಲ್‌ಮನ್ ಮುಷ್ಕರವನ್ನು ಮುರಿಯಲು, ವಾರ ತುಂಬುವ ಮೊದಲೇ ಷಿಕಾಗೋಗೆ ಸೈನ್ಯ ಕಳಿಸಿದವರೂ ಅವರೇ!

ಈಗ ಆ ದಿನ ಮನೆಮನೆಯ ಹಿತ್ತಿಲಲ್ಲಿ ಇದ್ದಿಲ ಒಲೆ ಉರಿಯುತ್ತದೆ. ಕಬ್ಬಿಣದ ಜಾಲರಿಯ ಮೇಲೆ ಸುಟ್ಟ ಕೊಚ್ಚಿದ ಮಾಂಸದ ಬಿಲ್ಲೆಯನ್ನು ಬನ್ನಿನೊಳಗೆ ಇಟ್ಟರೆ ಹ್ಯಾಂಬರ್ಗರ್. ಜರ್ಮನ್ ವಲಸಿಗರು ತಂದ ಸಾಸೇಜು ಇಟ್ಟರೆ ಹಾಟ್ ಡಾಗ್. ಜೊತೆಗೆ ಬೆಣ್ಣೆ ಸವರಿದ ಮುಸುಕಿನ ಜೋಳದ ತೆನೆ, ಆಲೂಗಡ್ಡೆ ಸಲಾಡು, ಕೊನೆಗೆ ಕಲ್ಲಂಗಡಿ.

ದುಡಿದವರು ಉಣ್ಣಲಿ, ನಲಿಯಲಿ. ಆದರೆ ಅಂದೇ ಅಂಗಡಿಗಳಲ್ಲಿ ರಿಯಾಯಿತಿ ಮಾರಾಟದ ಭರಾಟೆ. ಬನ್ನು, ಇದ್ದಿಲು ಮಾರುವ ಎಷ್ಟೋ ಆಳುಗಳಿಗೆ ರಜೆಯಿಲ್ಲ. ಖಾಸಗಿ ಮಾಲೀಕರು ಸಂಬಳದ ರಜೆ ಕೊಡಲೇಬೇಕೆಂದು ಅಲ್ಲಿನ ಕೇಂದ್ರ ಕಾನೂನು ಹೇಳುವುದಿಲ್ಲ.

ನಮ್ಮ ರಾಜ್ಯದ ಕಾನೂನಿನಲ್ಲಿ ಮೇ 1 ಸಂಬಳದ ರಜೆ. ಆ ದಿನ ಸಭೆ ಮುಗಿಸಿ ಹೋಟೆಲಿನಲ್ಲಿ ಚಹಾ ಕುಡಿಯುವಾಗ ಲೋಟ ತೊಳೆಯುವವನನ್ನು ಕೇಳಿ: "ತಮ್ಮಾ, ನಿನಗೆ ರಜೆಯಿಲ್ಲವೇ?" ಅವನ ಉತ್ತರದಿಂದಲೇ ನಮ್ಮ ಮುಂದಿನ ಕೆಲಸ ಶುರುವಾಗಲಿ.