ಮಸೂರವಿಲ್ಲದೆ ಮೂಡಿದ ಚಿತ್ರ

ಕಣ್ಣಿಗೆ ಕಾಣದ ಅತಿ ಸೂಕ್ಷ್ಮ ವಸ್ತುಗಳನ್ನು ಕ್ಷ-ಕಿರಣಗಳಿಂದ ಕಾಣುವ ವಿದ್ಯೆಯು ಹೇಗೆ ಬೆಳೆಯಿತೆಂಬುದನ್ನು ಕುರಿತು ನಾಲ್ಕು ಮಾತನಾಡಲು ಅಪ್ಪಣೆಯಾಗಿದೆ.

ಸಾಮಾನ್ಯ ಸೂಕ್ಷ್ಮದರ್ಶಕಕ್ಕೆ ಒಂದು ಎಲ್ಲೆಯುಂಟು. ಬೆಳಕು ಅಲೆಯಾದುದರಿಂದ, ತನ್ನ ಅಲೆಯ ಉದ್ದದ ಸುಮಾರು ಅರ್ಧಕ್ಕಿಂತ ಚಿಕ್ಕದಾದ ವಿವರವನ್ನು ಅದು ಬಿಡಿಸಿ ತೋರಿಸಲಾರದು. ಜರಡಿಯ ಕಣ್ಣು ದೊಡ್ಡದಾದರೆ ರವೆಯೂ ಹಿಟ್ಟೂ ಬೇರ್ಪಡುವುದುಂಟೆ? ಕ್ಷ-ಕಿರಣದ ಅಲೆಯಾದರೋ ನೂರಾರು, ಸಾವಿರಾರು ಪಟ್ಟು ಗಿಡ್ಡ. ಆದರೆ ಅವು ಗಾಜನ್ನು ಹೊಕ್ಕರೂ ಬಾಗುವುದು ಅತ್ಯಲ್ಪ. ಮಸೂರದಿಂದ ಅವುಗಳನ್ನು ಒಂದೆಡೆ ಕೂಡಿಸಲಾಗದೆಂದು 1895ರಲ್ಲಿ ಅವನ್ನು ಕಂಡುಹಿಡಿದ ರಾಂಟ್‌ಜನ್‌ನೇ ತಿಳಿಸಿದನು.

1948ರಲ್ಲಿ ಅಮೆರಿಕೆಯ ಸ್ಟ್ಯಾನ್‌ಫರ್ಡ್‌ನಲ್ಲಿ ಕಿರ್ಕ್‌ಪ್ಯಾಟ್ರಿಕ್ ಮತ್ತು ಬಾಯೆಜ್ ಎಂಬವರು ಒಂದು ಉಪಾಯವನ್ನು ಪ್ರಕಟಿಸಿದರು. ಕೆರೆಯ ನೀರಿಗೆ ಓರೆಯಾಗಿ ಎಸೆದ ಚಪ್ಪಟೆ ಕಲ್ಲು ಮುಳುಗದೆ ಜಿಗಿಯುವಂತೆ, ಬಾಗಿದ ಕನ್ನಡಿಯನ್ನು ತೀರ ಓರೆಯಾಗಿ ಸವರಿಹೋಗುವ ಕ್ಷ-ಕಿರಣವು ಪ್ರತಿಫಲಿಸಿ ಒಂದೆಡೆ ಕೂಡುವುದು.

ಅದೇ ವರ್ಷ ಇಂಗ್ಲೆಂಡಿನ ರಗ್ಬಿ ಪಟ್ಟಣದಲ್ಲಿದ್ದ ಡೆನ್ನಿಸ್ ಗಾಬೊರ್ ಬೇರೊಂದು ಮಾರ್ಗವನ್ನು ತೋರಿದನು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಮಸೂರದ ದೋಷವು ಅವನನ್ನು ಕಾಡುತ್ತಿತ್ತು. ಛಾಯಾಚಿತ್ರವು ಬೆಳಕಿನ ಬಲವನ್ನಷ್ಟೇ ಬರೆದಿಡುತ್ತದೆ. ಅಲೆಯು ಏರಿನಲ್ಲಿ ಬಂದಿತೋ ಇಳಿವಿನಲ್ಲಿ ಬಂದಿತೋ ಎಂಬ ಲೆಕ್ಕ ಕಳೆದುಹೋಗುತ್ತದೆ. ಕೊಳದಲ್ಲಿ ಎರಡು ಕಲ್ಲುಗಳು ಬಿದ್ದರೆ ಅವುಗಳ ಬಳೆಗಳು ಒಂದನ್ನೊಂದು ಕೂಡಿ, ಕೆಲವೆಡೆ ಉಬ್ಬಿ, ಕೆಲವೆಡೆ ಅಡಗುವುವಷ್ಟೆ? ಹಾಗೆಯೇ ವಸ್ತುವಿನಿಂದ ಬಂದ ಅಲೆಗೆ, ನಾವು ಬಲ್ಲ ಮತ್ತೊಂದು ಅಲೆಯನ್ನು ಕೂಡಿಸಿ ಆ ಪಟ್ಟೆಗಳನ್ನು ಫಲಕದ ಮೇಲೆ ಹಿಡಿದರೆ, ಕಳೆದ ಲೆಕ್ಕವೂ ಅದರಲ್ಲಿ ಅಡಗಿರುವುದು. ಫಲಕವನ್ನು ಮರಳಿ ಬೆಳಗಿದರೆ ಮೊದಲಿನ ಅಲೆಯೇ ಎದ್ದುಬರುವುದು. ಇದಕ್ಕೆ ಅವನು, 'ಸಮಗ್ರ' ಎಂಬರ್ಥದ ಗ್ರೀಕ್ ಪದದಿಂದ, ಹೋಲೋಗ್ರಾಮ್ ಎಂದು ಹೆಸರಿಟ್ಟನು.

ವಿಚಾರವು ಸರಿ, ತಕ್ಕ ಬೆಳಕಿರಲಿಲ್ಲ. ಪಾದರಸದ ದೀಪದಿಂದ ದೊರೆತುದು ಮಂಕು ಚಿತ್ರ, ಅದರ ಮೇಲೆ ಕವಿದ ಜೋಡಿ ನೆರಳು. 1960ರಲ್ಲಿ ಹೆಜ್ಜೆ ತಪ್ಪದ ಅಲೆಗಳ ಲೇಸರ್ ಹುಟ್ಟಿದ ಬಳಿಕ ಮಿಚಿಗನ್‌ನ ಲೀತ್ ಮತ್ತು ಉಪತ್‌ನಿಕ್ಸ್ ಎರಡನೆಯ ಅಲೆಯನ್ನು ಓರೆಯಿಂದ ತಂದು ಆ ನೆರಳನ್ನು ಬೇರ್ಪಡಿಸಿದರು. ಗಾಬೊರ್‌ಗೆ ನೊಬೆಲ್ ಪಾರಿತೋಷಕ ಸಂದುದು 1971ರಲ್ಲಿ.

ಕ್ಷ-ಕಿರಣಗಳಿಗೆ ಕಾಯುವಿಕೆ ಇನ್ನೂ ದೀರ್ಘವಾಯಿತು. ಹೋಲೋಗ್ರಾಮ್ ಮಾರ್ಗವನ್ನು ಬಾಯೆಜ್ 1952ರಲ್ಲಿಯೇ ವಿಚಾರಮಾಡಿದ್ದನು. ಅದೇ ವರ್ಷ ಡೇವಿಡ್ ಸೇಯರ್, ಚದರಿದ ಕಿರಣಗಳ ಬಲವನ್ನು ಸಾಕಷ್ಟು ಒತ್ತಾಗಿ ಅಳೆದರೆ ಕಳೆದ ಲೆಕ್ಕವನ್ನು ಗಣಿತದಿಂದಲೇ ಮರಳಿ ಪಡೆಯಬಹುದೆಂಬ ಸೂಚನೆಯನ್ನು ಒಂದು ಪುಟ್ಟ ಬರಹದಲ್ಲಿ ಕೊಟ್ಟನು. ಬಹುಮಂದಿ ಅದನ್ನು ಗಮನಿಸಲಿಲ್ಲ. ಎಲೆಕ್ಟ್ರಾನುಗಳನ್ನು ಬೆಳಕಿನ ವೇಗದ ಸಮೀಪದಲ್ಲಿ ಸುತ್ತಿಸಿ ಪ್ರಖರ ಕ್ಷ-ಕಿರಣಗಳನ್ನು ಪಡೆಯುವ ಯಂತ್ರಗಳೂ, ಕಂಪ್ಯೂಟರುಗಳೂ ಬಂದ ತರುವಾಯ, 1999ರಲ್ಲಿ ಮಿಯಾವ್ ಮುಂತಾದವರು ಸೇಯರ್‌ನೊಡಗೂಡಿ, ಚಿನ್ನದ ಚುಕ್ಕೆಗಳಿಂದ ಬರೆದ ಅಕ್ಷರಗಳ ಚಿತ್ರವನ್ನು ಮಸೂರವಿಲ್ಲದೆ ಸುಮಾರು 75 ನ್ಯಾನೋಮೀಟರಿನ ಸೂಕ್ಷ್ಮತೆಯಲ್ಲಿ ಪಡೆದರು. 47 ವರ್ಷಗಳ ಹಿಂದಿನ ಸೂಚನೆಯು ಅದನ್ನು ಕೊಟ್ಟವನ ಕಣ್ಣೆದುರಿಗೇ ಫಲಿಸಿತು.

ಇದರಿಂದಾಗುವ ಉಪಯೋಗವೇನೆಂದು ಕೇಳಬಹುದು. 2.3ರಿಂದ 4.4 ನ್ಯಾನೋಮೀಟರು ಉದ್ದದ ಕ್ಷ-ಕಿರಣಗಳನ್ನು ನೀರು ಬಹುಮಟ್ಟಿಗೆ ಹಾಯಗೊಡುತ್ತದೆ, ಇಂಗಾಲವು ತಡೆಯುತ್ತದೆ. ಆದಕಾರಣ ಜೀವಕೋಶವನ್ನು ಕೊಯ್ಯದೆ, ಬಣ್ಣ ಹಚ್ಚದೆ, ಇಡಿಯಾಗಿ ನೋಡಲು ಸಾಧ್ಯ. ಆದರೆ ಈ ಕಿರಣವೇ ಕೋಶವನ್ನು ಕೆಡಿಸುವುದರಿಂದ, ಅದನ್ನು ಕ್ಷಣಮಾತ್ರದಲ್ಲಿ ಶೀತದಿಂದ ಹೆಪ್ಪುಗಟ್ಟಿಸಿ ನೋಡುತ್ತಾರೆ.