ಕೆಂಗಲ್ ಹನುಮಂತಯ್ಯ: ವಾದ, ತೀರ್ಪು ಮತ್ತು ವ್ಯವಸ್ಥೆ

ಕೆಂಗಲ್ ಹನುಮಂತಯ್ಯನವರು ಮೈಸೂರು ರಾಜ್ಯದ ಮುಖ್ಯಮಂತ್ರಿಯಾಗಿದ್ದದ್ದು 1952ರ ಮಾರ್ಚ್ 30ರಿಂದ 1956ರ ಆಗಸ್ಟ್ 19ರವರೆಗೆ. ನಾಲ್ಕೂವರೆ ವರ್ಷವೂ ತುಂಬದ ಅವಧಿ. ಆ ಅವಧಿಯ ಆಚೆಗೂ ಈಚೆಗೂ ಚಾಚಿಕೊಂಡ ಅವರ ಸಾರ್ವಜನಿಕ ಬದುಕಿನಲ್ಲಿ ಸ್ವಾತಂತ್ರ್ಯ ಹೋರಾಟವಿದೆ, ಸಂವಿಧಾನ ಸಭೆಯಿದೆ, ಕರ್ನಾಟಕದ ಏಕೀಕರಣವಿದೆ, ಆಡಳಿತ ಸುಧಾರಣೆಯಿದೆ. ಈ ಎಲ್ಲ ಘಟ್ಟಗಳಲ್ಲೂ ಅವರು ಕಾನೂನು ಕಲಿತವರಂತೆ ನಡೆದುಕೊಂಡರು. ತಮ್ಮ ಪಕ್ಷವನ್ನು ಬಿಗಿಯಾಗಿ ಮಂಡಿಸಿದರು. ತೀರ್ಪು ತಮಗೆ ಒಲಿಯದಿದ್ದಾಗ ವ್ಯವಸ್ಥೆಯೊಳಗೇ ಉಳಿದು ಕೆಲಸ ಮುಂದುವರಿಸಿದರು. ಕಾನೂನು ಪದವೀಧರರು ಅವರ ಬದುಕನ್ನು ಪರಿಶೀಲಿಸಲು ಇದೇ ಕಾರಣ ಸಾಕು.

ಹನುಮಂತಯ್ಯನವರು 1908ರಲ್ಲಿ ರಾಮನಗರದ ಬಳಿಯ ಲಕ್ಕಪ್ಪನಹಳ್ಳಿಯಲ್ಲಿ ಒಕ್ಕಲಿಗ ಕೃಷಿಕ ಕುಟುಂಬದಲ್ಲಿ ಹುಟ್ಟಿದರು. ರಾಮನಗರ ಮತ್ತು ಚನ್ನಪಟ್ಟಣಗಳ ನಡುವಿನ ಕೆಂಗಲ್ ಆಂಜನೇಯನ ಕ್ಷೇತ್ರದ ಹೆಸರೇ ಅವರ ಹೆಸರಿನ ಮುಂದೆ ನಿಂತಿತು. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ 1930ರಲ್ಲಿ ಬಿ.ಎ. ಮುಗಿಸಿ, ಪುಣೆಯ ಕಾನೂನು ಕಾಲೇಜಿನಲ್ಲಿ 1932ರಲ್ಲಿ ಪದವಿ ಪಡೆದರು. ಬೆಂಗಳೂರಿಗೆ ಮರಳಿ ವಕೀಲಿಕೆ ಆರಂಭಿಸಿದರಾದರೂ ರಾಷ್ಟ್ರೀಯ ಚಳವಳಿ ಬಹುಬೇಗ ಅವರನ್ನು ಕೋರ್ಟಿನಿಂದ ಹೊರಗೆ ಸೆಳೆಯಿತು.

ಆಗಿನ ಮೈಸೂರಿನ ರಾಜಕೀಯ ಬ್ರಿಟಿಷ್ ಪ್ರಾಂತಗಳದ್ದಕ್ಕಿಂತ ಬೇರೆ. 1881ರಿಂದಲೂ ಇಲ್ಲಿ ಪ್ರಜಾಪ್ರತಿನಿಧಿ ಸಭೆ ಇತ್ತು. ಸದಸ್ಯರು ಅಹವಾಲು ಹೇಳಿಕೊಳ್ಳಬಹುದಿತ್ತು, ಪ್ರಶ್ನೆ ಕೇಳಬಹುದಿತ್ತು. ಸರ್ಕಾರವನ್ನು ಇಳಿಸುವ ಶಕ್ತಿ ಮಾತ್ರ ಅವರಿಗಿರಲಿಲ್ಲ. ದಿವಾನರು ಉತ್ತರದಾಯಿಯಾಗಿದ್ದದ್ದು ಮಹಾರಾಜರಿಗೆ, ಸಭೆಗಲ್ಲ. 1938ರಲ್ಲಿ ಶಿವಪುರದ ಧ್ವಜ ಸತ್ಯಾಗ್ರಹ ಮತ್ತು ವಿದುರಾಶ್ವತ್ಥದ ಗೋಲಿಬಾರ್ ನಡೆದ ಮೇಲೆ ಜವಾಬ್ದಾರಿ ಸರ್ಕಾರದ ಬೇಡಿಕೆ ಹಳ್ಳಿಹಳ್ಳಿಗೆ ಹಬ್ಬಿತು. ಈ ಹೋರಾಟದಲ್ಲಿ ಹನುಮಂತಯ್ಯನವರು ಹಲವು ಬಾರಿ ಜೈಲು ಸೇರಿದರು. ಪ್ರಜಾಪ್ರತಿನಿಧಿ ಸಭೆಯೊಳಗೆ ಕಾಂಗ್ರೆಸ್ ಪಕ್ಷದ ನಾಯಕರಾಗಿಯೂ ದುಡಿದರು. 1947ರ ‘ಮೈಸೂರು ಚಲೋ’ ಚಳವಳಿಯ ಫಲವಾಗಿ ಅದೇ ವರ್ಷದ ಅಕ್ಟೋಬರಿನಲ್ಲಿ ಕೆ.ಸಿ. ರೆಡ್ಡಿಯವರ ನೇತೃತ್ವದಲ್ಲಿ ಜನಪ್ರತಿನಿಧಿಗಳ ಸರ್ಕಾರ ರಚನೆಯಾಯಿತು.

ಅವರ ಚಿಂತನೆಯ ದಿಕ್ಕು ಸ್ಪಷ್ಟವಾಗಿ ಕಾಣುವುದು ಭಾರತದ ಸಂವಿಧಾನ ಸಭೆಯಲ್ಲಿ. ಮೈಸೂರಿನ ಪ್ರತಿನಿಧಿಯಾಗಿ ಅಲ್ಲಿದ್ದ ಅವರು 1949ರ ನವೆಂಬರಿನಲ್ಲಿ, ಕರಡಿನ ಅಂತಿಮ ವಾಚನದ ಹೊತ್ತಿಗೆ, ತಮ್ಮ ಅತೃಪ್ತಿಯನ್ನು ಬಿಚ್ಚಿಟ್ಟರು. ವೀಣೆಯ ಅಥವಾ ಸಿತಾರಿನ ಸಂಗೀತವನ್ನು ಬಯಸಿದವರಿಗೆ ಸಿಕ್ಕಿದ್ದು ಇಂಗ್ಲಿಷ್ ಬ್ಯಾಂಡಿನ ಸಂಗೀತ ಎಂಬುದು ಅವರ ಆಕ್ಷೇಪದ ಸಾರ. ಇದಕ್ಕೆ ಕರಡು ಬರೆದವರನ್ನು ಅವರು ದೂರಲಿಲ್ಲ. ಅಂಥ ಶಿಕ್ಷಣ ಪಡೆದವರಿಗೆ ಆ ಕೆಲಸ ಒಪ್ಪಿಸಿದವರದೇ ಹೊಣೆ ಎಂದರು. ಗಾಂಧೀಜಿ ಬಯಸಿದ್ದ, ತಳಮಟ್ಟದಿಂದ ಕಟ್ಟಿಕೊಂಡು ಬರುವ ಅಧಿಕಾರದ ರಚನೆ ಇದಲ್ಲ ಎಂಬುದು ಅವರ ವಾದವಾಗಿತ್ತು. ಸಂವಿಧಾನದ ವಿಮರ್ಶೆಗಳಲ್ಲಿ ಈ ಮಾತು ಇಂದಿಗೂ ಮತ್ತೆ ಮತ್ತೆ ಉಲ್ಲೇಖವಾಗುತ್ತದೆ. ಸಭೆ ಕರಡನ್ನು ಅಂಗೀಕರಿಸಿತು. ಆ ಸಂವಿಧಾನದ ಅಡಿಯಲ್ಲಿ ನಡೆದ ಮೊದಲ ಚುನಾವಣೆಯಲ್ಲೇ ಅವರು ರಾಮನಗರದಿಂದ ಗೆದ್ದರು. ಮೈಸೂರು ವಿಧಾನಸಭೆಯ 99 ಸ್ಥಾನಗಳಲ್ಲಿ 74 ಕಾಂಗ್ರೆಸ್ಸಿನ ಪಾಲಾದವು, ಹನುಮಂತಯ್ಯನವರು ಮುಖ್ಯಮಂತ್ರಿಯಾದರು.

ಅವರ ಆಡಳಿತದ ಕಣ್ಣಿಗೆ ಕಾಣುವ ಕುರುಹು ವಿಧಾನಸೌಧ. ಅದರ ಶಂಕುಸ್ಥಾಪನೆ ಮಾಡಿದ್ದು 1951ರ ಜುಲೈ 13ರಂದು ಪ್ರಧಾನಿ ಜವಾಹರಲಾಲ್ ನೆಹರೂ, ಯೋಜನೆ ಕೆ.ಸಿ. ರೆಡ್ಡಿ ಸರ್ಕಾರದ್ದು, ನಕ್ಷೆ ಸಾದಾ. ಆವರೆಗೆ ಸಚಿವಾಲಯ ಇದ್ದದ್ದು ಎದುರಿನ ಅಠಾರಾ ಕಚೇರಿಯಲ್ಲಿ, 1868ರ ಕೆಂಪು ಬಣ್ಣದ, ಪಾಶ್ಚಾತ್ಯ ಶೈಲಿಯ ಕಂಬಸಾಲಿನ ಕಟ್ಟಡದಲ್ಲಿ. ಬೆಂಗಳೂರಿಗೆ ಬಂದಿದ್ದ ರಷ್ಯನ್ ನಿಯೋಗವೊಂದು, ನಿಮ್ಮದೇ ಆದ ವಾಸ್ತುಶಿಲ್ಪ ಇಲ್ಲವೇ ಎಂದು ಕೇಳಿತೆಂಬ ಪ್ರಸಂಗ ಪ್ರಚಲಿತವಾಗಿದೆ. ಹನುಮಂತಯ್ಯನವರು ಹಳೆಯ ನಕ್ಷೆಯನ್ನು ಕೈಬಿಟ್ಟು, ಎಂಜಿನಿಯರ್ ಬಿ.ಆರ್. ಮಾಣಿಕ್ಯಂ ಅವರಿಂದ ದ್ರಾವಿಡ ಶೈಲಿಗೆ ಒಗ್ಗುವ ಹೊಸ ವಿನ್ಯಾಸ ಮಾಡಿಸಿದರು. ಬೆಂಗಳೂರು ಸುತ್ತಮುತ್ತಲ ಕಣಶಿಲೆಯನ್ನೇ ಬಳಸಲಾಯಿತು. ಸಾವಿರಾರು ಕೂಲಿಗಳ ಜೊತೆ ಜೈಲಿನ ಕೈದಿಗಳೂ ಕೆಲಸ ಮಾಡಿದರು. ಕಟ್ಟಡ ಮುಗಿದ ಮೇಲೆ ಆ ಕೈದಿಗಳಿಗೆ ಬಿಡುಗಡೆ ದೊರೆಯಿತು. ಒಟ್ಟು ವೆಚ್ಚ ಸುಮಾರು 1.84 ಕೋಟಿ ರೂಪಾಯಿ. ಆ ಕಾಲಕ್ಕೆ ಇದು ದೊಡ್ಡ ಮೊತ್ತ. ದುಂದುಗಾರಿಕೆಯ ಆರೋಪ ಬಂದಿತು, ವಿಚಾರಣೆಯೂ ನಡೆಯಿತು. ಮುಂಭಾಗದಲ್ಲಿ ‘ಸರ್ಕಾರದ ಕೆಲಸ ದೇವರ ಕೆಲಸ’ ಎಂದು ಕೆತ್ತಿಸಿದ್ದು ಒಳಗೆ ಕುಳಿತು ಆಳುವವರಿಗೆ ಕೊಟ್ಟ ಎಚ್ಚರಿಕೆಯೂ ಹೌದು. ಸಂವಿಧಾನ ಸಭೆಯಲ್ಲಿ ಸಿಗಲಿಲ್ಲವೆಂದು ಹೇಳಿದ ನೆಲದ ಗುಣವನ್ನು ಅವರು ಶಾಸನಸಭೆಯ ಮನೆಗಾದರೂ ತಂದರು ಎನ್ನಬಹುದು.

ಇದೇ ಒಲವು ಅವರ ಸಾಂಸ್ಕೃತಿಕ ನೀತಿಯಲ್ಲೂ ಇತ್ತು. ಗಮಕದ ಮತ್ತು ಕುಮಾರವ್ಯಾಸನ ಅಭಿಮಾನಿಯಾಗಿದ್ದ ಅವರು ಸಾಹಿತ್ಯ ಮತ್ತು ಸಂಸ್ಕೃತಿಯ ಅಭಿವೃದ್ಧಿಗಾಗಿ ಸರ್ಕಾರದಲ್ಲೇ ಇಲಾಖೆಯೊಂದನ್ನು ತೆರೆದರು. ಕುವೆಂಪು ಮತ್ತು ಮಾಸ್ತಿ ಸಂಪಾದಿಸಿದ ಕುಮಾರವ್ಯಾಸ ಭಾರತ ಸಾಮಾನ್ಯ ಓದುಗರ ಕೈಗೆಟಕುವ ಬೆಲೆಯಲ್ಲಿ ಬಂದದ್ದು ಈ ಯೋಜನೆಯ ಫಲ.

ರಾಜಕೀಯವಾಗಿ ಅವರನ್ನು ಹೆಚ್ಚು ಪರೀಕ್ಷಿಸಿದ್ದು ಏಕೀಕರಣ. ಕನ್ನಡಿಗರು ಮೈಸೂರಲ್ಲದೆ ಮುಂಬಯಿ, ಹೈದರಾಬಾದ್, ಮದರಾಸು ಮತ್ತು ಕೊಡಗು ಆಡಳಿತಗಳಲ್ಲಿ ಹಂಚಿಹೋಗಿದ್ದರು. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯ ಹೆಚ್ಚಿನ ಭಾಗ ಮೈಸೂರಿಗೆ ಸೇರಿತು. ಅದೇ ವರ್ಷದ ಡಿಸೆಂಬರಿನಲ್ಲಿ ನೇಮಕವಾದ ಫಜಲ್ ಅಲಿ ಆಯೋಗ 1955ರ ಸೆಪ್ಟೆಂಬರಿನಲ್ಲಿ ಕೊಟ್ಟ ವರದಿಯಲ್ಲಿ ಒಂದೇ ಕನ್ನಡ ರಾಜ್ಯವನ್ನು ಶಿಫಾರಸು ಮಾಡಿತು. ಹಳೆ ಮೈಸೂರಿನ ಅನೇಕ ನಾಯಕರಿಗೆ ಇದು ಬೇಕಿರಲಿಲ್ಲ. ವಿದ್ಯುತ್, ಶಿಕ್ಷಣ, ಕೈಗಾರಿಕೆಗಳಲ್ಲಿ ಮುಂದಿದ್ದ ಮೈಸೂರಿನ ಸಂಪನ್ಮೂಲ ಹಿಂದುಳಿದ ಜಿಲ್ಲೆಗಳಿಗೆ ಹರಿದುಹೋದೀತು ಎಂಬ ಆತಂಕ ಒಂದು ಕಡೆ; ವಿಶಾಲ ರಾಜ್ಯದಲ್ಲಿ ಲಿಂಗಾಯತರ ಸಂಖ್ಯಾಬಲ ಹೆಚ್ಚಿ ಒಕ್ಕಲಿಗರ ಪ್ರಭಾವ ಕುಗ್ಗೀತು ಎಂಬ ಲೆಕ್ಕ ಇನ್ನೊಂದು ಕಡೆ. ಎರಡು ಕನ್ನಡ ರಾಜ್ಯಗಳಿರಲಿ ಎಂಬ ವಾದವೂ ಹುಟ್ಟಿತು. ಹನುಮಂತಯ್ಯನವರು ಒಕ್ಕಲಿಗರೇ, ಅವರ ಬಲವೂ ಹಳೆ ಮೈಸೂರೇ. ಆದರೂ ಅವರು ಏಕೀಕರಣದ ಪರ ನಿಂತರು, ಸದನದಲ್ಲಿ ಅದನ್ನು ಸಮರ್ಥಿಸಿದರು.

ಇಷ್ಟರಲ್ಲಿ ಶಾಸಕಾಂಗ ಪಕ್ಷದೊಳಗೆ ಅವರ ವಿರುದ್ಧ ಅಸಮಾಧಾನ ಮಡುಗಟ್ಟಿತ್ತು. ಏಕೀಕರಣದ ಪ್ರಶ್ನೆಯೊಂದೇ ಅದಕ್ಕೆ ಕಾರಣವಲ್ಲ. ಅವರ ಬಿಗಿ ಸ್ವಭಾವ, ವಿಧಾನಸೌಧದ ಖರ್ಚು, ಗುಂಪುಗಳ ಪೈಪೋಟಿ ಎಲ್ಲವೂ ಸೇರಿದ್ದವು. ಪಕ್ಷದ ವಿಶ್ವಾಸ ಕಳೆದುಕೊಂಡ ಅವರು 1956ರ ಆಗಸ್ಟಿನಲ್ಲಿ ರಾಜೀನಾಮೆ ಕೊಟ್ಟರು. ಅವರ ನಂತರ ಕಡಿದಾಳ್ ಮಂಜಪ್ಪನವರು ಅಕ್ಟೋಬರ್ 31ರವರೆಗೆ ಮುಖ್ಯಮಂತ್ರಿಯಾಗಿದ್ದರು. ನವೆಂಬರ್ 1ರಂದು ವಿಶಾಲ ಮೈಸೂರು ರಾಜ್ಯ ಅಸ್ತಿತ್ವಕ್ಕೆ ಬಂದಾಗ ಮುಖ್ಯಮಂತ್ರಿಯಾದವರು ಎಸ್. ನಿಜಲಿಂಗಪ್ಪ, ಚಿತ್ರದುರ್ಗದ ವಕೀಲರು. ಮಂತ್ರಿಮಂಡಲ ಸಭೆಗೆ ಉತ್ತರದಾಯಿ ಆಗಿರಬೇಕೆಂದು ಜೈಲಿಗೆ ಹೋಗಿದ್ದ ಹನುಮಂತಯ್ಯನವರು ಅದೇ ನಿಯಮದ ಪ್ರಕಾರ ಅಧಿಕಾರ ಬಿಟ್ಟರು. ಕಾನೂನು ಕಲಿತವರು ಗಮನಿಸಬೇಕಾದ ಅಂಶ ಇಲ್ಲಿದೆ: ಒಂದು ವಿಧಿವಿಧಾನದ ಮೇಲಿನ ನಂಬಿಕೆ ಸಾಬೀತಾಗುವುದು ಅದು ತನ್ನ ವಿರುದ್ಧ ತೀರ್ಪು ಕೊಟ್ಟಾಗ.

1962ರಲ್ಲಿ ಬೆಂಗಳೂರಿನಿಂದ ಲೋಕಸಭೆಗೆ ಆಯ್ಕೆಯಾದ ಅವರು 1967 ಮತ್ತು 1971ರಲ್ಲೂ ಗೆದ್ದರು. 1966ರಲ್ಲಿ ಕೇಂದ್ರ ಸರ್ಕಾರ ರಚಿಸಿದ ಮೊದಲ ಆಡಳಿತ ಸುಧಾರಣಾ ಆಯೋಗದ ಸದಸ್ಯರಾಗಿದ್ದು, ಮರುವರ್ಷ ಅದರ ಅಧ್ಯಕ್ಷರಾಗಿದ್ದ ಮೊರಾರ್ಜಿ ದೇಸಾಯಿ ಉಪಪ್ರಧಾನಿಯಾದ ಮೇಲೆ ಆ ಸ್ಥಾನಕ್ಕೆ ಬಂದರು. ಆಯೋಗ ಒಟ್ಟು 20 ವರದಿಗಳನ್ನು ಸಲ್ಲಿಸಿತು. ಲೋಕಪಾಲ ಮತ್ತು ಲೋಕಾಯುಕ್ತರನ್ನು ನೇಮಿಸಬೇಕೆಂಬ ಸಲಹೆ ಅದರ ಆರಂಭದ ವರದಿಯಲ್ಲೇ ಇತ್ತು. 1969ರಲ್ಲಿ, ಅವರ ಅಧ್ಯಕ್ಷತೆಯಲ್ಲಿ ಬಂದ ಕೇಂದ್ರ–ರಾಜ್ಯ ಸಂಬಂಧಗಳ ವರದಿ ಸಂವಿಧಾನದ 263ನೆಯ ವಿಧಿಯಡಿ ಅಂತರರಾಜ್ಯ ಮಂಡಳಿ ರಚಿಸಬೇಕೆಂದಿತು. ಸಂವಿಧಾನದ ಬಗ್ಗೆ ಅತೃಪ್ತಿ ತೋಡಿಕೊಂಡಿದ್ದವರು ಇಪ್ಪತ್ತು ವರ್ಷಗಳ ಬಳಿಕ ಅದೇ ಸಂವಿಧಾನದ ಒಂದು ವಿಧಿಗೆ ಜೀವ ತುಂಬಲು ಹೇಳಿದರು.

1969ರಲ್ಲಿ ಕಾಂಗ್ರೆಸ್ ಒಡೆದಾಗ ನಿಜಲಿಂಗಪ್ಪನವರು ಸಂಸ್ಥಾ ಕಾಂಗ್ರೆಸ್ಸಿನ ಮುಂಚೂಣಿಯಲ್ಲಿದ್ದರೆ ಹನುಮಂತಯ್ಯನವರು ಇಂದಿರಾ ಗಾಂಧಿಯವರ ಜೊತೆ ಉಳಿದರು. 1970ರಲ್ಲಿ ಕೇಂದ್ರ ಕಾನೂನು ಸಚಿವರಾದರು. 1971ರಿಂದ 1972ರವರೆಗೆ ರೈಲ್ವೆ ಖಾತೆ ನೋಡಿಕೊಂಡರು. ತುರ್ತು ಪರಿಸ್ಥಿತಿಯ ನಂತರದ 1977ರ ಚುನಾವಣೆಯಲ್ಲಿ ಬೆಂಗಳೂರು ದಕ್ಷಿಣ ಕ್ಷೇತ್ರದಲ್ಲಿ ಜನತಾ ಪಕ್ಷದ ಕೆ.ಎಸ್. ಹೆಗ್ಡೆಯವರು ಅವರನ್ನು ಸೋಲಿಸಿದರು. 1973ರಲ್ಲಿ ಮುಖ್ಯ ನ್ಯಾಯಮೂರ್ತಿಯ ನೇಮಕದಲ್ಲಿ ತಮ್ಮ ಹಿರಿತನ ಕಡೆಗಣಿಸಿದ್ದಕ್ಕೆ ಸುಪ್ರೀಂ ಕೋರ್ಟಿನಿಂದ ಹೊರಬಂದಿದ್ದ ನ್ಯಾಯಮೂರ್ತಿ ಹೆಗ್ಡೆಯವರು. ಕಾನೂನು ಬಲ್ಲ ಇಬ್ಬರ ನಡುವಿನ ಆ ಸ್ಪರ್ಧೆಯನ್ನು ಮತದಾರರು ತೀರ್ಮಾನಿಸಿದರು.

ಹನುಮಂತಯ್ಯನವರು 1980ರ ಡಿಸೆಂಬರ್ 1ರಂದು ತೀರಿಕೊಂಡರು. ಅವರ ಆಯೋಗ ಸೂಚಿಸಿದ್ದ ಕೆಲವು ಸಂಸ್ಥೆಗಳು ರೂಪು ತಳೆದದ್ದು ಆಮೇಲೆ: ಕರ್ನಾಟಕದ ಲೋಕಾಯುಕ್ತ ಕಾಯ್ದೆ 1984ರಲ್ಲಿ, ಅಂತರರಾಜ್ಯ ಮಂಡಳಿ 1990ರಲ್ಲಿ, ಲೋಕಪಾಲ ಕಾಯ್ದೆ 2013ರಲ್ಲಿ ಬಂದವು.